ನಾಟಕದ ತಾತನಿಗೆ ಒನ್ಸ್ ಮೋರ್

ಅನಘಾ, ಸುಮಂತ, ಮೊದಲು ನಾಟಕದ ತಾತನ ಹುಬ್ಬಿನ ವಿಷಯ ಹೇಳಿಬಿಡುತ್ತೇನೆ. ಮುಸುಕಿನ ಜೋಳದ ತೆನೆಯ ತುದಿಯಲ್ಲಿ ಕೂದಲು ಇಳಿಬಿದ್ದಿರುತ್ತದಲ್ಲ, ಹಾಗೆ ಉದ್ದಕ್ಕೆ ಬೆಳೆದ, ಬಿಳಿಯಲ್ಲಿ ಕೆಂಪು ಬೆರೆತ ಹುಬ್ಬುಗಳು. ಎಡಗಡೆಯದು ಸುಮ್ಮನೆ ಮಲಗಿರುತ್ತಿತ್ತು. ಬಲಗಡೆಯದು ಮಾತ್ರ ತನ್ನಷ್ಟಕ್ಕೆ ಮೇಲೇರುತ್ತಿತ್ತು. ಅದು ಏರಿತೆಂದರೆ ಏನೋ ತಮಾಷೆ ಇದೆ ಎಂದು ನಾವು ಕಾದು ನಿಲ್ಲುತ್ತಿದ್ದೆವು. ಅನಘಾ, ನೀನು ಆರು ವರ್ಷದವಳಿದ್ದಾಗ ಕನ್ನಡಿಯ ಮುಂದೆ ನಿಂತು, ಒಂದು ಹುಬ್ಬನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದನ್ನು ಏರಿಸಲು ಒದ್ದಾಡುತ್ತಿದ್ದೆ. ಸುಮಂತ, ನೀನು ಆಗ ಸ್ಟ್ರೋಲರ್ ಗಾಡಿಯಲ್ಲಿ ಕೂರುವ ಕೂಸು. ನಿನಗೆ ಅವರ ನೆನಪಿರಲಾರದು.

ನಿಮ್ಮ ತಾತ ತೀರಿಕೊಂಡ ಮರುವರ್ಷ ನಾನು ಅಮೆರಿಕಕ್ಕೆ, ಫ್ರೀಮಾಂಟಿನ ನಿಮ್ಮ ಮನೆಗೆ ಬಂದೆ. ಆಗ ಈ ಕಡೆಯ ಜನರೆಲ್ಲ ಕಂಪ್ಯೂಟರ್ ಕಂಪನಿಗಳ ಹಿಂದೆ ಓಡುತ್ತಿದ್ದ ಕಾಲ. ನಿಮ್ಮಪ್ಪ ಅಮ್ಮ ಬೆಳಗಾಗುತ್ತಲೇ ಫ್ರೀವೇ ಹತ್ತಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಊಟಕ್ಕೆ ಕೂತರೂ ಯಾವ ಕಂಪನಿ ಹೊಸದಾಗಿ ಹುಟ್ಟಿತು, ಯಾರು ಎಲ್ಲಿಂದ ಎಲ್ಲಿಗೆ ಹಾರಿದರು ಎಂಬ ಮಾತೇ. ನಾನು ಮದ್ದೂರಿನ ಕಡೆ ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿದವಳು. ಇಂಗ್ಲಿಷು ಬಾರದು, ಮೇಲೆ ಸಂಕೋಚ. ಪಕ್ಕದ ಮನೆಯ ಮುದುಕರು ಕೈ ಬೀಸಿದರೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ, ಆ ಮುದುಕರು ಹುಲ್ಲಿನ ಮೇಲೆ ಎದೆ ಹಿಡಿದುಕೊಂಡು ಮೊಣಕಾಲೂರಿದರು. ಒಂದು ಕೈ ಆಕಾಶಕ್ಕೆ ಚಾಚಿದರು, ಏನೋ ಗೊಣಗಿದರು, ದಿಮ್ಮಿಯಂತೆ ಉರುಳಿಬಿದ್ದರು. ಅನಘಾ, ನೀನು ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆ! ನಾನು ಚೊಂಬು ನೀರು ಹಿಡಿದು ಓಡಿಬಂದು ಅವರ ಮುಖಕ್ಕೆ ರಾಚಿದೆ.

“ಅಜ್ಜೀ, ನೋ! ಹೀ ವಾಸ್ ಡೈಯಿಂಗ್ ಸೋ ವೆಲ್!” ಎಂದು ನೀನು ಕಿರುಚಿದೆ.

ನೀರು ಸುರಿಯುವ ಮುಖದಲ್ಲಿ ಮೊದಲು ಎದ್ದದ್ದು ಆ ಬಲಗಡೆಯ ಹುಬ್ಬು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಂಜೆ ನಿಮ್ಮಮ್ಮ ಕ್ಷಮೆ ಕೇಳಲು ಹೋದವಳು ನಗುನಗುತ್ತ ವಾಪಸು ಬಂದಳು.

“ಅಮ್ಮಾ, ಅವ್ರು ಆ್ಯಕ್ಟರು ಕಣಮ್ಮ! ಸ್ಕಾಟ್ಲೆಂಡಿನೋರು. ಸಿನಿಮಾದಲ್ಲಿ ಸಾಯೋ ಪಾರ್ಟೇ ಜಾಸ್ತಿ ಸಿಕ್ತಿತ್ತಂತೆ. ‘ಇಷ್ಟು ವರ್ಷ ಸತ್ತಿದೀನಿ, ನೀರು ತಂದುಕೊಟ್ಟೋರು ನಿಮ್ಮಮ್ಮ ಒಬ್ರೇ’ ಅಂದ್ರು.”

ಅಂದಿನಿಂದ ಅವರು ನಮಗೆ ನಾಟಕದ ತಾತ. ನಿಮ್ಮಮ್ಮ ಕರೆಯುವುದನ್ನು ಕೇಳಿ ಅವರೂ ನನ್ನನ್ನು ‘ಅಮ್ಮ’ ಎಂದೇ ಕರೆದರು. ನನಗಿಂತ ಹದಿನೈದು ವರ್ಷ ದೊಡ್ಡವರು!

ಅವರ ಕಥೆ ನನಗೆ ತಿಳಿದದ್ದು ತುಣುಕು ತುಣುಕಾಗಿ, ನಿಮ್ಮಮ್ಮನ ಬಾಯಲ್ಲಿ ಅರ್ಧ, ನಿನ್ನ ಬಾಯಲ್ಲಿ ಅರ್ಧ. ಅವರಪ್ಪ ಹಡಗು ಕಟ್ಟುವ ಕಡೆ ಮೊಳೆ ಬಡಿಯುವ ಕೆಲಸದವರು. ಇವರೂ ಅದೇ ಕೆಲಸಕ್ಕೆ ಸೇರಿದ್ದರು. ಆ ಬಡಿತದ ಸದ್ದಿನ ಮೇಲೆ ಮಾತಾಡಿ ಮಾತಾಡಿಯೇ ಗಂಟಲು ಅಷ್ಟು ದೊಡ್ಡದಾಯಿತಂತೆ. ಹದಿನೆಂಟಕ್ಕೆ ಕೆಲಸ ಬಿಟ್ಟು ನಾಟಕದವರ ಲಾರಿ ಹತ್ತಿ, ಚಳಿಯಲ್ಲಿ ಊರೂರು ತಿರುಗಿದರು. ಪರದೆ ಕಟ್ಟುವುದೂ ಅವರೇ, ರಾಜನಾಗುವುದೂ ಅವರೇ. ಆಮೇಲೆ ಲಂಡನ್ನಿನ ದೊಡ್ಡ ರಂಗಮಂದಿರಗಳು. ಅಲ್ಲಿಂದ ಅಮೆರಿಕದ ಸಿನಿಮಾ. ಪಾದ್ರಿ, ಹಡಗಿನ ಕಪ್ತಾನ, ಬಟ್ಲರು, ಗಲ್ಲಿಗೇರುವ ಕಳ್ಳ, ಎಲ್ಲ ಆಗಿದ್ದರು. ಇಲ್ಲಿಯ ಶಾಲೆಯೊಂದರ ಟೀಚರನ್ನು ಮದುವೆಯಾಗಿ ಫ್ರೀಮಾಂಟಿನಲ್ಲಿ ನಿಂತರು. ಆಕೆ ತೀರಿಹೋದ ಮೇಲೆ ಒಬ್ಬರೇ.

“ಸಿನಿಮಾದಲ್ಲಿ ಮುಖ ಮಾತ್ರ ಕೆಲಸ ಮಾಡುತ್ತೆ. ಸ್ಟೇಜಿನ ಮೇಲೆ ಹಿಮ್ಮಡಿಯೂ ಮಾತಾಡಬೇಕು” ಎನ್ನುತ್ತಿದ್ದರಂತೆ. ನನಗದು ಬಹಳ ಹಿಡಿಸಿತು.

ಮರುವರ್ಷ ಅವರಿಗೊಂದು ಪಾತ್ರ ಬಂತು. ಫ್ರೀಮಾಂಟಿನ ಪುಟ್ಟ ನಾಟಕಮಂದಿರವೊಂದನ್ನು ಯಾವುದೋ ಕಂಪ್ಯೂಟರ್ ಕಂಪನಿಯವರು ಆಫೀಸಿಗೆಂದು ಹಿಡಿದಿದ್ದರು. ಖಾಲಿ ಮಾಡುವ ಮೊದಲು ಕೊನೆಯದೊಂದು ನಾಟಕ. ಅದರಲ್ಲಿ ಇವರು ಸಮುದ್ರತೀರದ ದೀಪಸ್ತಂಭ ಕಾಯುವ ಮುದುಕ. ಬಿರುಗಾಳಿಯಲ್ಲಿ ಮುಳುಗಿಹೋದ ಏಳು ದೋಣಿಗಳ ಹೆಸರನ್ನು ಅವು ಹೊರಟ ಸಾಲಿನಲ್ಲೇ ಹೇಳಿ ಅವನು ದೀಪ ಆರಿಸಬೇಕು. ಏಳನೆಯದು ಅವನ ಮಗನ ದೋಣಿ. ಹೆಸರು ಸಾಲು ತಪ್ಪಿದರೆ ನಾಟಕ ಮುಗಿಯುವುದೇ ಇಲ್ಲ.

ಆ ಸಾಲೇ ತಪ್ಪುತ್ತಿತ್ತು. ನಾಲ್ಕನೆಯ ದೋಣಿಯ ನಂತರ ಅವರು ನಿಂತುಬಿಡುತ್ತಿದ್ದರು. ನಿರ್ದೇಶಕಿ ಚಿಕ್ಕ ವಯಸ್ಸಿನವಳು, ಒಳ್ಳೆಯವಳೇ. ಕಿವಿಗೊಂದು ಸಣ್ಣ ಯಂತ್ರ ಇಟ್ಟುಕೊಳ್ಳಿ, ಒಳಗಿನಿಂದ ಹೇಳಿಕೊಡುತ್ತೇವೆ ಎಂದಳು. ಇವರು ಕೆರಳಿ ಕೆಂಪಾಗಿ ನಮ್ಮ ಮನೆಗೆ ಬಂದರು.

“‘ಕಿವಿಯೊಳಗೆ ಇನ್ನೊಬ್ಬರು ಕೂತ್ರೆ ದೀಪದ ಮುದುಕ ಎಲ್ಲಿ ಕೂರ್ಬೇಕು? ಇದೊಂದನ್ನ ನಾನೇ ಮುಗಿಸ್ತೀನಿ. ಆಗ್ಲಿಲ್ಲ ಅಂದ್ರೆ ಇವತ್ತಿಗೇ ಪಾತ್ರ ಬಿಡ್ತೀನಿ’ ಅಂತಿದ್ದಾರಮ್ಮ” ಎಂದು ನಿಮ್ಮಮ್ಮ ಹೇಳುವಾಗ ಅವರು ನಮ್ಮ ಸೋಫಾದ ಮೇಲೆ ತಲೆ ತಗ್ಗಿಸಿ ಕೂತಿದ್ದರು.

ನಾನು ಒಳಗೆ ಹೋಗಿ ಒಂದು ನೋಟುಬುಕ್ಕು ತಂದೆ. ದಿನಾ ಬೆಳಿಗ್ಗೆ ಅವರು ಬೀದಿಯಲ್ಲಿ ಓಡಾಡುತ್ತ, ಮರೆತಾಗ ಕೈಯ ಹಾಳೆ ನೋಡಿಕೊಂಡು ಮಾತು ಒಪ್ಪಿಸುವಾಗ ನಾನು ಸುಮಂತನ ಸ್ಟ್ರೋಲರು ತಳ್ಳಿಕೊಂಡು ಹಿಂದೆಯೇ ಹೋಗುತ್ತಿದ್ದೆನಲ್ಲ, ಕೇಳಿದ್ದನ್ನೆಲ್ಲ ಮನೆಗೆ ಬಂದು ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದೆ. ಅರ್ಥ ಒಂದೂ ಗೊತ್ತಿಲ್ಲ. ಶಾಲೆಯಲ್ಲಿ ಮಗ್ಗಿ ಕಲಿತದ್ದೂ ಹಾಗೇ ಅಲ್ಲವೇ? ಪುಟ ತೆರೆದು ಓದಿದೆ: “ಮೇರಿ ಆ್ಯನ್, ಗುಡ್ ಹೋಪ್, ಸೀ ಲಾರ್ಕ್, ಓಲ್ಡ್ ಡಂಕನ್, ವೈಟ್ ರೋಸ್, ಈವ್ನಿಂಗ್ ಬೆಲ್, ಲಿಟಲ್ ಜೆಸ್ಸಿ.” ಅವರ ಬಾಯಲ್ಲಿ ಉರುಳುವ ‘ರ’ವನ್ನು ನಾನು ಒತ್ತಕ್ಷರ ಹಾಕಿ ಬರೆದುಕೊಂಡಿದ್ದೆ.

ಅವರು ಮೇಲೆದ್ದರು. “ಅಮ್ಮಾ! ನೀವು ಥೇಟ್ ಸ್ಕಾಟ್ಲೆಂಡಿನ ನಮ್ಮತ್ತೆ ಥರ ಮಾತಾಡ್ತೀರಿ!” ಎಂದರಂತೆ.

ಅಂದಿನಿಂದ ದಿನಾ ಅಭ್ಯಾಸ. ಅವರು ಹೇಳುವುದು, ನಾನು ಪುಸ್ತಕ ಹಿಡಿಯುವುದು. ತಪ್ಪಿದರೆ “ಊಹ್ಞೂಂ” ಅನ್ನುತ್ತಿದ್ದೆ. ಅವರು ಅಲ್ಲಿಗೇ ನಿಂತು, ಹಿಂದಿನ ಮರದ ತನಕ ನಡೆದುಹೋಗಿ ಮತ್ತೆ ಮೊದಲಿನಿಂದ ಬರುತ್ತಿದ್ದರು. ಎರಡು ವಾರದಲ್ಲಿ ಏಳೂ ದೋಣಿ ಸಾಲಾಗಿ ನಿಂತವು.

ಮೊದಲ ಆಟ ಒಂದು ಭಾನುವಾರ ಮಧ್ಯಾಹ್ನ. ನಾವು ಮೂರನೇ ಸಾಲಿನಲ್ಲಿದ್ದೆವು. ಅವರು ಕಾಲಿಟ್ಟೊಡನೆ ಮಂದಿರವೇ ಸಮುದ್ರದಡಿಗೆ ಇಳಿದಂತಾಯಿತು. ಕೊನೆಗೆ ದೀಪದ ಹತ್ತಿರ ಬಂದರು. ಮೇರಿ ಆ್ಯನ್. ಗುಡ್ ಹೋಪ್. ಸೀ ಲಾರ್ಕ್. ಓಲ್ಡ್ ಡಂಕನ್.

ನಿಂತರು.

ಜನ ಅದನ್ನು ಅಭಿನಯವೆಂದುಕೊಂಡು ಉಸಿರು ಹಿಡಿದು ಕಾದರು. ನನಗೆ ಗೊತ್ತಿತ್ತು. ಅವರ ಕೈ ಕೋಟಿನ ಗುಂಡಿ ಹುಡುಕುತ್ತಿತ್ತು. ಅದು ಬೀದಿಯಲ್ಲಿ ಮಾತು ಮರೆತಾಗ ಮಾಡುತ್ತಿದ್ದ ಕೈ.

ಮದ್ದೂರಿನ ಕಡೆ ನಮ್ಮ ಹಳ್ಳಿಯ ನಾಟಕಗಳಿಗೆ ನಿಮ್ಮ ತಾತನೇ ಪ್ರಾಂಪ್ಟರು, ಪರದೆಯ ಸಂದಿಯಿಂದ ಮಾತು ಹೇಳಿಕೊಡುವವರು. ಪಾತ್ರಧಾರಿ ಪದ್ಯದ ನಡುವೆ ಮರೆತು ನಿಂತರೆ ಅವರು ಮುಂದೆ ಕೂತ ಗೆಳೆಯರಿಗೆ ಕಣ್ಸನ್ನೆ ಮಾಡುತ್ತಿದ್ದರು. ಗೆಳೆಯರು ಒಟ್ಟಿಗೆ ‘ಒನ್ಸ್ ಮೋರ್’ ಎಂದು ಕೂಗುವರು. ಊರವರು ಮೆಚ್ಚುಗೆ ಎಂದು ತಿಳಿಯುವರು, ಪಾತ್ರಧಾರಿ ಕೈಮುಗಿದು ಮೊದಲಿನಿಂದ ಹಾಡುವನು. ಓಡಿಬಂದು ಹಳ್ಳ ಹಾರಿದ ಹಾಗೆ, ಎರಡನೆಯ ಸಲ ಮಾತು ತಾನಾಗಿ ದಾಟಿಬಿಡುತ್ತಿತ್ತು.

ನಾನು ಎದ್ದು ನಿಂತೆ. ಎದ್ದದ್ದು ನನಗೇ ಗೊತ್ತಿಲ್ಲ.

“ಒನ್ಸ್ ಮೋರ್!”

ಇಡೀ ಮಂದಿರ ತಿರುಗಿತು. ಯಾರೋ ಶ್ ಎಂದರು. ಅಲ್ಲಿ ಜನ ಕಣ್ಣೀರಿನಲ್ಲಿದ್ದರು, ಅಂಥ ಹೊತ್ತಿನಲ್ಲಿ ಕೆಮ್ಮುವುದೂ ತಪ್ಪು. ನಿಮ್ಮಮ್ಮ ಸೀರೆ ಹಿಡಿದು ಎಳೆದಳು. “ಅಮ್ಮಾ! ಕೂತ್ಕೋ! ಇಲ್ಲಿ ಹಾಗೆಲ್ಲ ಕೂಗಲ್ಲ!” ಆದರೂ ಇನ್ನೊಂದು ಸಲ, ಮೊದಲಿಗಿಂತ ಗಟ್ಟಿಯಾಗಿ ಕೂಗಿದೆ.

ಅವರು ನಿಧಾನವಾಗಿ ನಮ್ಮ ಕಡೆ ತಿರುಗಿದರು. ಕೈಯನ್ನು ಹಣೆಗೆ ಅಡ್ಡ ಹಿಡಿದು, ಬಹಳ ದೂರ ನೋಡುವವರಂತೆ, ಆ ದೀಪದ ಮುದುಕನ ದನಿಯಲ್ಲೇ ಹೇಳಿದರು. ಅರ್ಥವನ್ನು ನಿಮ್ಮಮ್ಮ ಕಿವಿಯಲ್ಲಿ ಉಸುರಿದಳು: “ಸಮುದ್ರದ ಆಚೆಯಿಂದ ಯಾರೋ ಕೇಳ್ತಿದ್ದಾರೆ. ಆಗ್ಲಿ, ಮತ್ತೆ ಹೇಳ್ತೀನಿ.”

ಹಿಂದಿನ ಗೋಡೆಯ ತನಕ ನಡೆದುಹೋಗಿ ಮೊದಲಿನಿಂದ ಬಂದರು. ಏಳು ದೋಣಿ! ಒಂದರ ಹಿಂದೆ ಒಂದು, ಏಳೂ! ಲಿಟಲ್ ಜೆಸ್ಸಿ ಎಂದಾಗ ಆ ದನಿ ಒಡೆಯಿತು, ದೀಪ ಆರಿತು. ಆಮೇಲಿನ ಚಪ್ಪಾಳೆ ನಿಲ್ಲಲೇ ಇಲ್ಲ.

ಪರದೆಯ ಹಿಂದೆ ನಿರ್ದೇಶಕಿ ಅಳುತ್ತ ನಗುತ್ತ, ಕೂಗಿದ್ದು ಯಾರೆಂದು ಕೇಳಿದಳು. ಅವರು ನನ್ನ ಕೈ ಹಿಡಿದು ಮುಂದೆ ನಿಲ್ಲಿಸಿ, “ನನ್ನ ಪ್ರಾಂಪ್ಟರು. ಇಂಗ್ಲಿಷು ಬರಲ್ಲ, ಅದೇ ಒಳ್ಳೇದು” ಎಂದರು. ಉಳಿದ ಆಟಗಳಿಗೂ ನಾನು ಮೂರನೇ ಸಾಲಿನಲ್ಲಿ ಕೂತೆ. ಮತ್ತೆ ಕೂಗುವ ಪ್ರಮೇಯ ಬರಲಿಲ್ಲ.

ಅದೇ ಅವರ ಕೊನೆಯ ಪಾತ್ರ. ಎರಡು ವರ್ಷದ ಮೇಲೆ, ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಚಳಿಗಾಲದಲ್ಲಿ, ಅವರು ಕುರ್ಚಿಯಲ್ಲಿ ಕೂತಹಾಗೆಯೇ ಹೋದರು. ಆ ಮಂದಿರ ಹಿಡಿದಿದ್ದ ಕಂಪನಿಯೂ ಎದ್ದುಹೋಗಿತ್ತು. ಗೆಳೆಯರು ಅಲ್ಲೇ ನೆನಪಿನ ಸಭೆ ಮಾಡಿದರು. ನೆಲದ ತುಂಬ ಕಿತ್ತುಬಿಟ್ಟ ಕಂಪ್ಯೂಟರ್ ತಂತಿಗಳು. ದೊಡ್ಡ ದೊಡ್ಡ ನಟರೆಲ್ಲ ಒಬ್ಬೊಬ್ಬರಾಗಿ ಮಾತಾಡಿದರು. ಸ್ಕಾಟ್ಲೆಂಡಿನಿಂದ ಬಂದಿದ್ದ ಅವರ ತಂಗಿಯ ಮಗಳು ನನ್ನ ಹತ್ತಿರ ಬಂದು, ನೀವೂ ಮಾತಾಡಬೇಕು ಎಂದಳು.

ಪಕ್ಕದ ಮನೆಯವರಿಗೆ ಕೈ ಬೀಸಲು ನಾಚುತ್ತಿದ್ದವಳು ಅಂದು ಅಷ್ಟು ಜನರ ಮುಂದೆ ಎದ್ದುಹೋಗಿ, ಕಾಲು ಗಂಟೆ ಕನ್ನಡದಲ್ಲಿ ಮಾತಾಡಿದೆ. ನಿಮ್ಮಮ್ಮ ಅಳುತ್ತಿದ್ದಳು, ಅನುವಾದಿಸಲು ಆಗಲಿಲ್ಲ. ಬೇಡವೆಂದು ನಾನೂ ಸನ್ನೆ ಮಾಡಿದೆ. ಅರ್ಥವಾಗದಿದ್ದರೂ ಒಬ್ಬರೂ ಅಲುಗಾಡದೆ ಕೇಳಿದರು. ನನಗೆ ದನಿ ಕೊಟ್ಟವರು ಅವರು. ಆ ಋಣ ತೀರಿಸುವಂಥದ್ದಲ್ಲ.

ನೀವಿಬ್ಬರೂ ಆಗ ಚಿಕ್ಕವರು. ಅಂದು ನಾನು ಹೇಳಿದ್ದು ಇದನ್ನೇ, ಈಗ ಇಲ್ಲಿ ಬರೆದಿದ್ದನ್ನೇ. ಓದಲು ತೊಡಕಾದರೆ ಅಮ್ಮನ ಕೈಲಿ ಓದಿಸಿಕೊಳ್ಳಿ, ಕೇಳಿದರೆ ನಿಮಗೆ ತಿಳಿಯುತ್ತದೆ. ಹಾಳೆಗಳನ್ನು ಮಾತ್ರ ಕಳೆಯಬೇಡಿ ಮಕ್ಕಳೇ, ಜೋಪಾನವಾಗಿ ಇಟ್ಟುಕೊಳ್ಳಿ.