ಬಿಸ್ಕೆಟ್ ಡಬ್ಬದ ಚೀಟಿಗಳು

ತೊಂಬತ್ತರ ದಶಕದ ಕೊನೆ. ನಾನು ಚಾಮರಾಜನಗರದ ಒಂದು ಕಂಪ್ಯೂಟರ್ ಸೆಂಟರ್‌ನಲ್ಲಿ ಟೈಪ್ ಮಾಡ್ಕೊಂಡಿದ್ದೆ. ನಮ್ಮಕ್ಕ ತೆರಕಣಾಂಬಿ ಕಡೆ ಸ್ಕೂಲ್ ಟೀಚರ್, ಗಂಡನ ಮನೆ ಸಂತೆಮರಹಳ್ಳಿ. ಹೋಗೋಕೆ ಎರಡು ಬಸ್ಸು, ಬರೋಕೆ ಎರಡು ಬಸ್ಸು. ಆರು ತಿಂಗಳ ಮಗುನ ಅತ್ತೆ ಹತ್ರ ಬುಟ್ಟು ಹೋಗೋಳು. ಸಾಯಂಕಾಲ ಬಂದು ಎತ್ಕೊಂಡ್ರೆ ಅದು ವಾಪಸ್ ಅಜ್ಜಿ ಕಡೆಗೇ ಕೈ ಚಾಚೋದು. ಅದೊಂದನ್ನ ಮಾತ್ರ ಅಕ್ಕನಿಗೆ ತಡ್ಕೊಳಕ್ಕೆ ಆಯ್ತಿರ್ಲಿಲ್ಲ.

ಮ್ಯೂಚುಯಲ್ ಟ್ರಾನ್ಸ್‌ಫರ್ ಒಂದೇ ದಾರಿ. ಇವಳ ಜಾಗ ಬೇಕು ಅನ್ನೋರು ಸಂತೆಮರಹಳ್ಳಿಲಿ ಇರ್ಬೇಕು, ಇಬ್ರೂ ಒಂದೇ ಅರ್ಜಿಗೆ ಸೈನ್ ಹಾಕ್ಬೇಕು. ಮೇಷ್ಟ್ರುಗಳೆಲ್ಲ ಬಸ್ ಸ್ಟ್ಯಾಂಡ್ ಟೀ ಅಂಗಡಿಯ ಬಿಸ್ಕೆಟ್ ಡಬ್ಬಕ್ಕೆ ಚೀಟಿ ಹಾಕಿ ಹೋಗೋರು: ಹೆಸರು, ಇರೋ ಊರು, ಬೇಕಾದ ಊರು. ಡಬ್ಬ ತಂದು, ಅಕ್ಕಂದೂ ಸೇರಿಸಿ ಎಲ್ಲಾನೂ ಕಂಪ್ಯೂಟರ್‌ನಲ್ಲಿ ಒಂದು ಟೇಬಲ್ಲಿಗೆ, ಅಂದ್ರೆ ಒಂದು ಪಟ್ಟಿಗೆ, ಟೈಪ್ ಹೊಡ್ದೆ. ಅರ್ಜಿಗೆ ಮಾರನೇ ದಿನವೇ ಕೊನೆ.

ಅಕ್ಕ ಸ್ಕೂಲ್ ಮುಗಿಸಿ ನೇರ ಸೆಂಟರ್‌ಗೆ ಬಂದ್ಲು. ಕೂರು ಅಂದ್ರೆ ಕೂರ್ಲಿಲ್ಲ. ಬ್ಯಾಗ್ ಹೆಗಲಲ್ಲೇ ಇಟ್ಕೊಂಡು ಬೆನ್ನ ಹಿಂದೆ ನಿಂತಿದ್ಲು.

"ಸಿಕ್ತೇನ್ಲಾ?"

ಇರೋ ಊರೂ ಬೇಕಾದ ಊರೂ ಹೊಂದ್ಕೊಳೋರನ್ನ ತೋರ್ಸು ಅಂತ ಕಂಪ್ಯೂಟರ್‌ಗೆ ಕೇಳೋ ಪ್ರಶ್ನೆ, ಕ್ವೆರಿ, ಬರ್ದೆ. ಸ್ಕ್ರೀನ್ ಖಾಲಿ. ಮತ್ತೆ ಹೊಡ್ದೆ, ಮತ್ತೆ ಖಾಲಿ. ಅಕ್ಕ ಬಾಗಿಲಿಗೂ ನನ್ನ ಕುರ್ಚಿಗೂ ಓಡಾಡ್ತಾವ್ಳೆ.

ಸೆಂಟರ್ ನಡೆಸ್ತಿದ್ದ ಸರ್ ಬಂದು ನೋಡಿದ್ರು. "ನೀನು ಕೇಳ್ತಿರೋದು ಒಬ್ಬನೇ ಮನ್ಷನ್ನ ಕಣಯ್ಯ. ಬೇಕಾದ ಊರಲ್ಲೇ ಇರೋನು ಚೀಟಿ ಯಾಕೆ ಹಾಕ್ತಾನೆ? ಪಟ್ಟಿ ಎರಡು ಕಾಪಿ ಐತೆ ಅನ್ಕೊ. ಒಂದ್ರಲ್ಲಿ ಒಬ್ಬೊಬ್ರ ಸಾಲು ಹಿಡ್ಕೊ, ಇನ್ನೊಂದ್ರಲ್ಲಿ ಅದಕ್ಕೆ ಉಲ್ಟಾ ಇರೋ ಸಾಲು ಹುಡುಕು. ಅದೇ ಟೇಬಲ್ನ ಎರಡ್ಸಲ ಕರಿ. ಒಂದಕ್ಕೆ ಎ ಅನ್ನು, ಒಂದಕ್ಕೆ ಬಿ ಅನ್ನು."

ಹಂಗೇ ಬರ್ದೆ. ಅಕ್ಕನ ಹೆಸರು ಎರಡು ಸಾಲಲ್ಲಿ ಬಂತು.

"ಇಬ್ರು ಸಿಕ್ಕವ್ರಾ?"

"ಒಬ್ರೇ ಕಣಕ್ಕ. ಒಂದ್ಸಲ ನಿನ್ ಕಡೆಯಿಂದ ಬಂದೈತೆ, ಒಂದ್ಸಲ ಅವ್ರ ಕಡೆಯಿಂದ."

ಅರ್ಜಿ ಹಿಡ್ಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ್ವಿ. ಪಟ್ಟಿಲಿ ಸಿಕ್ಕ ಮೇಷ್ಟ್ರ ಹೆಸರು ಹೇಳಿದ್ರೆ ಟೀ ಅಂಗಡಿಯವನು, "ಇನ್ನೇನು ಸಂತೆಮರಹಳ್ಳಿ ಬಸ್ಸಲ್ಲಿ ಬತ್ತಾರೆ, ಗುಂಡ್ಲುಪೇಟೆ ಬಸ್ ಹತ್ತಕ್ಕೆ" ಅಂದ. ಬಸ್ ಲೇಟು. ಅಕ್ಕ ಪ್ಲಾಟ್‌ಫಾರ್ಮ್ ಉದ್ದಕ್ಕೂ ಓಡಾಡ್ತಾನೇ ಇದ್ಲು. ಬಸ್ ಬಂತು, ಟವೆಲ್ ಹೆಗಲ ಮೇಲೆ ಹಾಕ್ಕೊಂಡು ಒಬ್ರು ಮೇಷ್ಟ್ರು ಇಳಿದ್ರು. ಟೀ ಅಂಗಡಿಯವನು ಕೈ ತೋರಿಸ್ದ.

"ಇವ್ರಾ?" ಅಂದ್ಲು ಅಕ್ಕ. "ದಿನಾ ಬೆಳಗ್ಗೆ ಇಲ್ಲಿ ಸಂತೆಮರಹಳ್ಳಿ ಬಸ್ಸಿಂದ ನಾನು ಇಳಿಯೋಕೆ ಮುಂಚೆನೇ ಕಿಟಕಿಯಿಂದ ನನ್ ಸೀಟಿಗೆ ಟವೆಲ್ ಹಾಕೋರು ಇವ್ರೇ ಕಣ್ಲಾ. ಎರಡ್ಸಲ ಬಯ್ದಿದೀನಿ."

ಮೇಷ್ಟ್ರು ಅರ್ಜಿ ಪೂರ್ತಿ ಓದಿದ್ರು. "ಹಂಗಾರೆ ನಿಮ್ ಸ್ಕೂಲಿಗೂ ಟವೆಲ್ ಹಾಕ್ಬುಟ್ಟೆ ಬುಡಿ ಟೀಚರಮ್ಮ" ಅಂದು ಅಲ್ಲೇ ಕಲ್ಲುಬೆಂಚಿನ ಮೇಲೆ ಸೈನ್ ಹಾಕಿದ್ರು.

ಟೀ ಕುಡಿಯೋಕೂ ಅಕ್ಕ ನಿಲ್ಲಲಿಲ್ಲ. ಅರ್ಜಿ ನನ್ನ ಕೈಗೆ ತುರುಕಿ, "ನಾಳೆ ಆಫೀಸ್‌ಗೆ ನೀನೇ ಕೊಟ್ಬುಡ್ಲಾ" ಅಂದು ಸಂತೆಮರಹಳ್ಳಿ ಬಸ್ ಹತ್ತಿದ್ಲು.

ಆರ್ಡರ್ ಬರೋಕೆ ಮೂರು ತಿಂಗಳು ಆಯ್ತು. ಅಷ್ಟೂ ದಿನ ಮೇಷ್ಟ್ರು ಅವಳು ಇಳಿದ ಮೇಲೇ ಟವೆಲ್ ಹಾಕಿದ್ರಂತೆ. ಮಗು ಅವಳ ಕಡೆ ಕೈ ಚಾಚೋಕೆ ಅದಾದ್ಮೇಲೂ ಎರಡು ವಾರ ತಗೊಂತು.