ಮೀಸಲುಗುಂಡಿ

ಮೊನ್ನೆ ಬೆಳಿಗ್ಗೆ ಹಾಸನದ ನಮ್ಮ ಮನೆಯ ತಾರಸಿಯಲ್ಲಿ ಮರೆತುಬಿಟ್ಟಿದ್ದ ಬಕೆಟ್ಟಿನೊಳಗೆ ಬಗ್ಗಿ ನೋಡಿದೆ. ಮಳೆನೀರು ತಿಳಿಯಾಗಿತ್ತು. ಕೂದಲೆಳೆಯಂಥ ಸೊಳ್ಳೆಮರಿಗಳು ನೀರಿನ ಮೈಗೆ ಅಂಟಿ ಅಡ್ಡಡ್ಡ ಮಲಗಿದ್ದವು. ನನ್ನ ನೆರಳು ಬಿದ್ದದ್ದೇ ತಡ, ಎಲ್ಲವೂ ಸರ್ರನೆ ತಳಕ್ಕಿಳಿದವು. ಬಕೆಟ್ಟನ್ನು ಒದ್ದು ಚೆಲ್ಲಿದೆ. ತಲೆ ನರೆತ ವಿಜ್ಞಾನದ ಟೀಚರು ಬಕೆಟ್ಟಿಗೆ ಹೆದರಿ ಒದೆಯುವುದು ನೋಡಲು ಚೆಂದವಲ್ಲ. ಆದರೂ ನಗುವ ಮೊದಲು ಸ್ವಲ್ಪ ಕೇಳಿ.

ಕೊಣನೂರಿನಾಚೆ ನನ್ನ ದೊಡ್ಡವ್ವನ ಊರು. ಮೇಲೆ ನಾಲೆ, ಕೆಳಗೆ ಗದ್ದೆ, ನಡುವೆ ಎರಡು ಬೀದಿ. ಕೆಳಬೀದಿಯ ಕೊನೆಯಲ್ಲಿ, ದೊಡ್ಡವ್ವನ ಮನೆಯ ಎದುರಿಗೇ, ಮೀಸಲುಗುಂಡಿ. ಊರಮ್ಮನ ಹಬ್ಬಕ್ಕೆ ಮಾತ್ರ ಅದರ ನೀರು. ಬೇರೆ ದಿನ ಯಾರೂ ಕೈ ಅದ್ದುವಂತಿಲ್ಲ, ಎಮ್ಮೆ ಇಳಿಸುವಂತಿಲ್ಲ. ನಾಲೆ ಬರುವ ಮೊದಲು ಬೇಸಿಗೆಗೆ ಒಣಗುತ್ತಿತ್ತಂತೆ. ನಾಲೆಯ ಜಿನುಗು ಬಂದು ಸೇರಿದ ಮೇಲೆ ವರ್ಷವಿಡೀ ತುಂಬಿ, ಒಂದಿಷ್ಟೂ ಅಲುಗದೆ ಕೂತಿರುತ್ತಿತ್ತು. ಚಿಕ್ಕವಳಿದ್ದಾಗ ಅದರಲ್ಲಿ ಮುಖ ನೋಡಿಕೊಳ್ಳಲು ಹೋದರೆ ದೊಡ್ಡವ್ವ ಜಡೆ ಹಿಡಿದು ಎಳೆಯುತ್ತಿದ್ದಳು. "ನೀನ್ ನೋಡುದ್ರೆ ಅದೂ ನಿನ್ನ ನೋಡ್ತದೆ ಕಣೇ" ಎನ್ನುತ್ತಿದ್ದಳು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿಗೆ ಚಳಿಜ್ವರ ಬಂತು. ಮೇಲಿನ ಬೀದಿಯಲ್ಲಿ ಒಬ್ಬರಿಗೂ ಇಲ್ಲ. ಕೆಳಬೀದಿಯಲ್ಲಿ ಗುಂಡಿಯ ಕಡೆಯಿಂದ ಒಂದೊಂದೇ ಮನೆ ಹೊಕ್ಕು ಬರುತ್ತಿತ್ತು. ಹೆರಿಗೆಗೆಂದು ತವರಿಗೆ ಬಂದಿದ್ದ ದೊಡ್ಡವ್ವನ ಮಗಳು ಮಂಜುಳ ಮಲಗಿದಳು. ರಜೆ ಹಾಕಿ ನಾನೂ ಹೋದೆ. ದಿನ ಬಿಟ್ಟು ದಿನ, ಇಳಿಹೊತ್ತಿಗೆ ಸರಿಯಾಗಿ ಚಳಿ. ಊರಲ್ಲಿ ಅದರ ಹೆಸರು ಹೇಳುತ್ತಿರಲಿಲ್ಲ, 'ಅವಳು' ಎನ್ನುತ್ತಿದ್ದರು. ನೆಂಟರಿಗೆ ಹಾಸುವ ಹಾಗೆ ದೊಡ್ಡವ್ವ ಚಾಪೆ ಹಾಸಿ, ಕಂಬಳಿ ಕೊಡವಿ, "ಇನ್ನೇನ್ ಬತ್ತಾಳೆ" ಎಂದು ಬಾಗಿಲು ನೋಡುತ್ತಿದ್ದಳು. ಬರುತ್ತಿತ್ತು. ಮಂಜುಳನ ಹಲ್ಲು ಕಟಕಟ ಎನ್ನುವುದು ಬೀದಿಗೆ ಕೇಳಿಸುತ್ತಿತ್ತು. ಸೊಳ್ಳೆಗಳ ಸದ್ದು ಮಾತ್ರ ಇಲ್ಲ. ತಲೆ ತಗ್ಗಿಸಿ, ಹಿಂಭಾಗ ಎತ್ತಿ, ಗೋಡೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದವು.

ಊರವರು ತಿಪ್ಪೆ ಎತ್ತಿಸಿದರು, ಚರಂಡಿ ತೋಡಿಸಿದರು. ತಿಳಿನೀರಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ ಹೇಳಿ. ಮಾತ್ರೆ ಕೊಡಲು ಬಂದ ಡಾಕ್ಟರು, "ಈ ಗುಂಡಿ ಮುಚ್ಚಿ. ಮತ್ತೆ ಮತ್ತೆ ಕಚ್ಚಿದ್ರೆ ಬಸುರಿ ಹೆಂಗಸು ತಡ್ಕೊಳ್ಳಲ್ಲ" ಎಂದರು. ಗುಡಿಯ ಪೂಜಾರಪ್ಪ ಒಪ್ಪಲಿಲ್ಲ. "ಮೀಸಲು ಮುಚ್ಚುದ್ರೆ ಮುಚ್ಚುದೋರು ಉಳಿಯಕ್ಕಿಲ್ಲ ಕಣವ್ವ" ಎಂದು ದೊಡ್ಡವ್ವನಿಗೆ ಹೇಳಿದ. ಮಂಜುಳನನ್ನು ಬೇರೆಲ್ಲಾದರೂ ಕರೆದೊಯ್ಯೋಣವೆಂದರೆ ದಿನ ತುಂಬಿತ್ತು.

ದೊಡ್ಡವ್ವ ಜಗಳವಾಡಲಿಲ್ಲ. ಮಾರನೆಯ ಸಂಜೆ ನಾನು ಒಳಗೆ ಗಂಜಿ ಕಾಯಿಸುತ್ತಿದ್ದೆ. ಹೊರಗೆ ಬಂದರೆ, ಅವಳು ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ಗುಂಡಿಯೊಳಗೆ ನಿಂತು, ಉಂಡ ತಟ್ಟೆ, ಮುಸುರೆ ಪಾತ್ರೆ ಎಲ್ಲ ತೊಳೆಯುತ್ತಿದ್ದಳು. ಎಂಜಲಾದ ನೀರು ಇನ್ನು ಮೀಸಲಲ್ಲ, ದೇವರಿಗೆ ಆಗುವುದಿಲ್ಲ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು.

ಮರುದಿನವೇ ಗುಂಡಿಗೆ ಮಣ್ಣು ಬಿತ್ತು. ಮಂಜುಳನ ಜ್ವರ ಬಿಟ್ಟಿತು, ಗಂಡುಮಗು ಹುಟ್ಟಿತು. ಗುಂಡಿ ಮುಚ್ಚಿ ವಾರವಾಗಿರಲಿಲ್ಲ, ಒಂದು ಇಳಿಹೊತ್ತು ದೊಡ್ಡವ್ವ ತನಗೇ ಚಾಪೆ ಹಾಸಿಕೊಂಡು ಮಲಗಿದಳು. ಜ್ವರ ತಲೆಗೇರಿತು, ಉಳಿಯಲಿಲ್ಲ.

ಊರಮ್ಮ ತಗೊಂಡಳು ಎಂದಿತು ಊರು. ನಾನು ಸಿಟ್ಟಿನಿಂದ ಸಿಕ್ಕಸಿಕ್ಕವರಿಗೆಲ್ಲ ಪಾಠ ಮಾಡಿದೆ: ಸೊಳ್ಳೆ ಕಚ್ಚಿದ ಮೇಲೆ ಜ್ವರ ಕಾಣಿಸಲು ವಾರಕ್ಕೂ ಹೆಚ್ಚು ಹಿಡಿಯುತ್ತದೆ, ದೊಡ್ಡವ್ವ ನೀರಿಗೆ ಇಳಿಯುವ ಮೊದಲೇ ರೋಗ ಅವಳ ರಕ್ತದಲ್ಲಿತ್ತು. ಇಷ್ಟು ವರ್ಷವೂ ಅದನ್ನೇ ಹೇಳಿಕೊಂಡು ಬಂದೆ.

ಬಕೆಟ್ಟು ಒದ್ದ ಹಿಂದಿನ ರಾತ್ರಿ ಮಂಜುಳನಿಗೆ ಫೋನು ಮಾಡಿದಾಗಲೂ ಅದನ್ನೇ ಹೇಳಿದೆ. ಅವಳ ಮಗನಿಗೆ ಈಗ ಮದುವೆ ಗೊತ್ತಾಗಿದೆ.

"ನೀನ್ ಹೇಳೋದು ಸರಿ ಕಣಕ್ಕ" ಎಂದಳು. "ಅವತ್ತು ನೀನು ಒಳಗಿದ್ದೆ, ನಾನು ಜಗಲಿ ಮೇಲಿದ್ದೆ. ಇಳಿಯೋಕ್ ಮುಂಚೆ ಅವ್ವ ಕೈ ಮುಗುದು, 'ಮಗಳ್ನ ಬುಟ್ಬುಡು ತಾಯಿ, ನನ್ನ ಇಡ್ಕೊ' ಅಂದ್ಲು. ನೀರೊಳಗಿಂದ ಯಾರೋ 'ಊಂ' ಅಂದ್ರು ಕಣಕ್ಕ. ಅವ್ವ ಆಮೇಲೇ ಇಳುದಿದ್ದು."

ಜ್ವರದ ಕನವರಿಕೆ ಇರಬೇಕು ಎನ್ನಲು ಬಾಯಿ ತೆರೆದೆ. ಆದರೆ ದಿನ ಬಿಟ್ಟು ದಿನದ ಲೆಕ್ಕದಲ್ಲಿ ಆ ದಿನ ಅವಳಿಗೆ ಜ್ವರ ಇರಲಿಲ್ಲ.