ಮಿಸ್ಟರ್ ಬೈದದ್ದು, ನಾನು ಹೇಳಿದ್ದು

ಅರವತ್ತು ವರ್ಷದ ಮನುಷ್ಯನನ್ನು "ಮೇಟ್", ಅಂದರೆ ಗೆಳೆಯಾ, ಎಂದು ಕರೆದು, ಅದೇ ಉಸಿರಿನಲ್ಲಿ ಅವರ ತಲೆಗೆ ಗುರಿಯಿಟ್ಟು ಕೆಸರು ಮೆತ್ತಿದ ಬೂಟು ಎಸೆಯಬಹುದು ಅಂತ ನನಗೆ ಗೊತ್ತಾಗಿದ್ದು ಪರ್ತ್‌ಗೆ ಬಂದ ಮೂರನೇ ವಾರ. ಬೂಟು ಅವರಿಗೆ ತಾಗಲಿಲ್ಲ. ನನ್ನ ಹೊಟ್ಟೆಗೆ ಬಡಿಯಿತು. ಎಸೆದ ಆಟಗಾರ, ಹಗಲು ಎಲೆಕ್ಟ್ರಿಷಿಯನ್ ಕೆಲಸದವನು, "ಸಾರಿ ಮೇಟ್" ಎಂದ. ನಾನು "ಥ್ಯಾಂಕ್ಯೂ ಸಾರ್" ಎಂದೆ. ಏನು ಮಾಡಲಿ, ದಾವಣಗೆರೆಯಲ್ಲಿ ನಮ್ಮ ಪಿ.ಟಿ. ಮೇಷ್ಟ್ರ ಎದುರು ಕೆಮ್ಮುವುದಕ್ಕೂ ಕೈ ಎತ್ತಬೇಕಿತ್ತು.

ಬೂಟು ತಪ್ಪಿಸಿಕೊಂಡವರು ಪೋರ್ಚುಗಲ್‌ನಿಂದ ಬಂದಿದ್ದ ಫುಟ್‌ಬಾಲ್ ಮ್ಯಾನೇಜರ್. ಯಾರು ಆಡಬೇಕು, ಯಾರು ಬೆಂಚಿನ ಮೇಲೆ ಕೂರಬೇಕು, ಎಲ್ಲ ಅವರ ತೀರ್ಮಾನ. ಅವರ ದೇಶದಲ್ಲಿ ಆಟಗಾರರು ಕೋಚನ್ನು ಹೆಸರು ಹಿಡಿದು ಕರೆಯುವುದಿಲ್ಲವಂತೆ, "ಮಿಸ್ಟರ್" ಎನ್ನುತ್ತಾರಂತೆ. ಇಲ್ಲಿ ಹಾಗೆ ಕರೆದವನು ನಾನೊಬ್ಬನೇ. ನಾನು ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದಲು ಹೋದವನು. ಸಂಜೆ ಹೊತ್ತು ಆ ಕ್ಲಬ್ಬಿನಲ್ಲಿ ಪಂದ್ಯದ ವಿಡಿಯೋ ಕತ್ತರಿಸುತ್ತಿದ್ದೆ, ನೀರಿನ ಬಾಟಲಿ ತುಂಬುತ್ತಿದ್ದೆ. ಅದುವರೆಗೆ ನಾನು ಫುಟ್‌ಬಾಲ್ ಒದ್ದಿದ್ದು ಒಂದೇ ಸಲ, ಅದೂ ಹೆಡ್‌ಮಾಸ್ಟರ ಕಿಟಕಿಗೆ.

ಮಿಸ್ಟರ್ ಇಂಗ್ಲಿಷು ಲಾರಿಯ ಚಕ್ರಕ್ಕೆ ಸಿಕ್ಕಿದ ಬಿಸ್ಕತ್ತಿನ ಪೊಟ್ಟಣದ ಹಾಗೆ, ಪುಡಿಪುಡಿ. ಆಟಗಾರರಿಗೆ ಅದು ತಿಳಿಯದು. ಬಾಯಿ ತೆರೆಯದೆ ಅವರು ಆಡುವ ಇಂಗ್ಲಿಷು ಮಿಸ್ಟರ್‌ಗೆ ತಿಳಿಯದು. ನನಗೆ ಎರಡೂ ಅರೆಬರೆ ತಿಳಿಯುತ್ತಿತ್ತು. ಹೀಗೆ ನಾನು ಇಂಗ್ಲಿಷಿನಿಂದ ಇಂಗ್ಲಿಷಿಗೆ ದುಭಾಷಿಯಾದೆ.

ಈ ಕೆಲಸದಲ್ಲಿ ನನಗೆ ಅನುಭವವಿತ್ತು. ಊರಿನಲ್ಲಿ ದೊಡ್ಡಪ್ಪ, ಚಿಕ್ಕಪ್ಪ ಒಂದೇ ನಲ್ಲಿ ಹಂಚಿಕೊಂಡು, ಮಾತು ಬಿಟ್ಟು ವರ್ಷಗಟ್ಟಲೆ ಬದುಕಿದ್ದರು. "ಆ ದರಿದ್ರದವ್ನಿಗೆ ಹೇಳು, ನಲ್ಲಿ ಬಿಟ್ಟು ಸಾಯ್ಲಿ" ಎಂದು ದೊಡ್ಡಪ್ಪ ಕಳಿಸಿದರೆ, "ನಿಮ್ದಾದ್ಮೇಲೆ ಹೇಳ್ಬೇಕಂತೆ ಚಿಕ್ಕಪ್ಪ" ಎಂದು ಮುಟ್ಟಿಸುತ್ತಿದ್ದೆ. ಪರ್ತ್‌ನಲ್ಲೂ ಅದನ್ನೇ ಮಾಡಿದೆ. "ಬಸುರಿ ಎಮ್ಮೆ ಇವನಿಗಿಂತ ಜೋರಾಗಿ ಓಡುತ್ತೆ" ಎಂದು ಮಿಸ್ಟರ್ ಕೂಗಿದರೆ, "ಸ್ವಲ್ಪ ಬೇಗ ಶುರು ಮಾಡೋಣವಂತೆ" ಎಂದೆ. "ಈ ಮುದಿಗೂಬೆ ತರಬೇತಿ ದಂಡ" ಎಂದು ಆಟಗಾರರು ಉಗಿದರೆ, "ಪ್ರಯತ್ನ ಮಾಡ್ತಾರಂತೆ ಮಿಸ್ಟರ್" ಎಂದೆ. ಗ್ಯಾಲರಿಯಿಂದ ಒಬ್ಬ ಬಿಯರ್ ಗ್ಲಾಸು ಎತ್ತಿ, ಬಂದ ಹಡಗಿನಲ್ಲೇ ತೊಲಗು ಎಂದು ಕಿರುಚಿದಾಗ ಮಿಸ್ಟರ್ ನನ್ನ ಕಡೆ ತಿರುಗಿದರು.

"ಪ್ರಯಾಣ ಹೇಗಿತ್ತು ಅಂತ ಕೇಳ್ತಿದಾರೆ" ಎಂದೆ.

ಮಿಸ್ಟರ್ ಅವನಿಗೆ ಹೆಬ್ಬೆರಳು ಎತ್ತಿ ತೋರಿಸಿದರು. ಬಿಯರು ಅವರ ಮೇಲೂ ಬಿತ್ತು, ನನ್ನ ಮೇಲೂ ಬಿತ್ತು.

ಸೀಸನ್ ಮುಗಿಯುವ ಮೊದಲೇ ಕ್ಲಬ್ಬು ಅವರನ್ನು ತೆಗೆದುಹಾಕಿತು. ಆಟಗಾರರಿಗೆ ನಿಮ್ಮ ಮೇಲೆ ವಿಶ್ವಾಸವಿಲ್ಲ ಎಂದು ಅಧ್ಯಕ್ಷ ನನ್ನನ್ನು ಬಿಟ್ಟು ನೇರವಾಗಿ, ಬಿಡಿಸಿ ಬಿಡಿಸಿ ಹೇಳಿದ. "ದಿನಾ ಒಪ್ಪಿಕೊಳ್ಳುತ್ತಿದ್ದರಲ್ಲ!" ಎಂದು ಮಿಸ್ಟರ್ ನನ್ನ ಮುಖ ನೋಡಿದರು. ನಾನು ಬಾಟಲಿಯ ಮುಚ್ಚಳ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿದೆ.

ಅವರಿಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿತು. ನನ್ನ ಮಾತು ಅರ್ಥವಾಗುವವನು ನೀನೊಬ್ಬನೇ, ಬಾ ಎಂದರು. ನನ್ನ ಓದೂ ಮುಗಿದಿತ್ತು, ಹೋದೆ. ಪರ್ತ್ ಸಿಟಿಯಲ್ಲಿ ಬಸ್ಸು ಪುಕ್ಕಟೆಯಾಗಿ ಸುತ್ತಿಸುತ್ತಿತ್ತು. ಇಲ್ಲಿ ನಾನಿದ್ದ ಊರಾಚೆಯ ಬಡಾವಣೆ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಿಂದ ಟ್ರೈನಿನಲ್ಲಿ ಕೂತರೆ ಮೈದಾನ ಬರುವಷ್ಟರಲ್ಲಿ ಗಡ್ಡ ಬೆಳೆಯುತ್ತಿತ್ತು. ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಹೋಗುತ್ತಿದ್ದರು. ಬ್ಯಾಗಿನಲ್ಲಿ ಹನ್ನೊಂದು ಜನರ ಒಗೆಯದ ಸಾಕ್ಸ್ ಇರುತ್ತಿತ್ತು, ಪೂರ್ತಿ ಅವರದೇ ತಪ್ಪು ಎನ್ನಲಾರೆ.

ಅಲ್ಲಿ ಉಳಿದುಕೊಂಡಿದ್ದು ಮೈಸೂರಿನಿಂದ ಬಂದು ನೆಲೆಸಿದ್ದ ವಸಂತಾ ಆಂಟಿ ಮನೆಯ ಒಂದು ರೂಮಿನಲ್ಲಿ. ಆಂಟಿ ಬಡಿಸಿದ ಹುಳಿಯನ್ನು ನಾನು ಸೊರ್ರನೆ ಸುರಿಯುತ್ತಾ ದುಭಾಷಿ ಕೆಲಸವನ್ನು ಕೊಚ್ಚಿಕೊಂಡೆ. ಅವರು ಸೌಟು ಕೆಳಗಿಟ್ಟರು.

"ನೀನ್ ಹೇಳೋದು ಸುಳ್ಳು ಅಂತ ಅವರಿಗೆ ಗೊತ್ತೇನೋ?"

"ಗೊತ್ತಿರುತ್ತೆ ಆಂಟಿ. ನಮ್ಮ ದೊಡ್ಡಪ್ಪಂಗೆ ಗೊತ್ತಿತ್ತಲ್ಲ."

"ಅವ್ರೇನು ನಿಮ್ಮ ದೊಡ್ಡಪ್ಪನಾ? ಮನೇಲಿ ಇಬ್ರಿಗೂ ಗೊತ್ತಿತ್ತು, ಹುಡುಗ ಸಕ್ಕರೆ ಹಾಕ್ತಾನೆ ಅಂತ. ಇಲ್ಲಿಯೋರು ಆಯ್ತು ಅಂದ್ರೆ ಆಯ್ತು ಅಂತಾನೇ ತಿಳ್ಕೊತಾರೆ ಕಣೋ. ಆ ವಯಸ್ಸಾದೋರ ಹೊಟ್ಟೆ ಮೇಲೆ ಹೊಡೀತಿದೀಯ."

ಇದು ನನಗೆ ತಟ್ಟಿತೇ? ತಟ್ಟಿತು. ಬಿಟ್ಟೆನೇ? ಇಲ್ಲ. ಮಾರನೆಯ ದಿನವೇ ಮಿಸ್ಟರ್ ಗೋಲ್‌ಕೀಪರನ ತಾಯಿಯನ್ನು ಬೈದರು, ನಾನು ತಾಯಿಯ ಆರೋಗ್ಯ ವಿಚಾರಿಸಿದೆ. ಮಳೆಗಾಲಕ್ಕೆ ಮುಂಚೆ ಆ ಕ್ಲಬ್ಬೂ ಅವರನ್ನು ಮನೆಗೆ ಕಳಿಸಿತು.

ಕೊನೆಗೆ ಅಡಿಲೇಡ್. "ಇದೂ ಹೋದರೆ ನನ್ನನ್ನು ಯಾರೂ ಕರೆಯಲ್ಲ" ಎಂದರು ಮಿಸ್ಟರ್. ಹೋಗುವ ಲಕ್ಷಣವೇ ಇತ್ತು. ಕೊನೆಯ ಪಂದ್ಯ ಸೋತರೆ ತಂಡ ಕೆಳಗಿನ ದರ್ಜೆಗೆ, ಮಿಸ್ಟರ್ ಬೀದಿಗೆ. ಕ್ಯಾಪ್ಟನ್ ಡೀನ್ ಹಗಲು ಛಾವಣಿ ಹಾಕುವವನು, ಮಂಡಿ ಸವೆದಿತ್ತು, ಈ ಪಂದ್ಯದೊಂದಿಗೆ ಆಟ ಬಿಡುವವನಿದ್ದ. ಹಿಂದಿನ ದಿನ ಮಿಸ್ಟರ್ ನನಗೆ ಹೇಳಿದರು: "ಅವನಿಗೆ ಹೇಳು. ನಿನ್ನ ಕಥೆ ಮುಗಿಯಿತು, ನಾಳೆ ಬೆಂಚಿನಲ್ಲೂ ಜಾಗವಿಲ್ಲ."

ನಾನು ಡೀನ್‌ಗೆ ಹೇಳಿದೆ: "ಮಂಡಿ ಜೋಪಾನ ಮಾಡ್ಕೋಬೇಕಂತೆ. ಬೇಕಾದಾಗ ಆಟಕ್ಕೆ ಇಳಿಸ್ತಾರಂತೆ."

ಡೀನ್ ಇದನ್ನು ನಂಬಿ, ತನ್ನ ಕೊನೆಯ ಪಂದ್ಯ ನೋಡಲು ಅಪ್ಪನನ್ನು ದೂರದ ಊರಿನಿಂದ ಕರೆಸಿದ್ದ. ಗೋಡೆಯ ಮೇಲಿನ ಹೆಸರುಗಳ ಹಾಳೆಯಲ್ಲಿ ತನ್ನ ಹೆಸರಿಲ್ಲದ್ದು ನೋಡಿ ಅವನು ಅದನ್ನು ಕಿತ್ತುಕೊಂಡು ಮಿಸ್ಟರ್ ಮುಖದ ಮುಂದೆ ಹಿಡಿದು, ಅವರಿಗೂ ತಿಳಿಯುವ ಹಾಗೆ ಒಂದೊಂದೇ ಪದ ಕೂಗಿದ.

"ಇಳಿಸ್ತೀನಿ ಅಂತ ಮಾತು ಕೊಟ್ಟು ಮೋಸ ಮಾಡ್ತೀಯಾ?"

"ನಾನು ಯಾವಾಗ ಮಾತು ಕೊಟ್ಟೆ?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನೀರಿನ ಬಾಟಲಿಗಳ ಹಿಂದೆ ಮರೆಯಾಗೋಣವೆಂದರೆ, ನಾನು ತೆಳ್ಳಗಿದ್ದರೂ ಅವು ಇನ್ನೂ ತೆಳ್ಳಗಿದ್ದವು.

"ಪರ್ತ್‌ನಲ್ಲೂ ಹೀಗೇ ಹೇಳಿದೆಯಾ?" ಮಿಸ್ಟರ್ ದನಿ ಬಹಳ ತಗ್ಗಿತ್ತು.

"ಹೌದು ಮಿಸ್ಟರ್."

"ಬ್ರಿಸ್ಬೇನ್‌ನಲ್ಲೂ?"

"ಹೌದು."

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಅವರು ಬೆಂಚಿನ ಮೇಲೆ ಕೂತು, "ಈಗ ಹೇಳು. ಒಂದಕ್ಷರ ಬಿಡಬೇಡ" ಎಂದರು. ಮೂರು ಊರಲ್ಲಿ ಮೊದಲ ಸಲ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಎಮ್ಮೆ, ಇವನ ಗೂಬೆ, ಅವರ ದೇಶ, ಇವನ ವಂಶ, ಎಲ್ಲ. ನಡುನಡುವೆ ಎರಡು ಬಾಟಲಿ ನೀರು ಖಾಲಿ ಮಾಡಿದೆ. ಅವರಿಬ್ಬರ ಮುಖದಲ್ಲಿ ಮಾತ್ರ ಏನೋ ಸಮಾಧಾನ.

"ಕೊನೆಯ ಹತ್ತು ನಿಮಿಷ ಇಳಿ" ಎಂದರು ಮಿಸ್ಟರ್. "ಕಾಲು ಮುರಿದರೆ ನನ್ನ ಹತ್ತಿರ ಅಳಬೇಡ."

"ನಿನ್ನ ಹತ್ತಿರ ಯಾವ ನಾಯಿ ಅಳುತ್ತೆ" ಎಂದ ಡೀನ್. ಅದನ್ನೂ ಮುಟ್ಟಿಸಿದೆ.

ಎರಡು ಗೋಲಿನಿಂದ ಸೋತೆವು. ಸೋಮವಾರ ಕ್ಲಬ್ಬಿನವರು ಮಿಸ್ಟರನ್ನು ಕೆಲಸದಿಂದ ತೆಗೆದರು. ನನ್ನನ್ನು ಇಟ್ಟುಕೊಂಡರು, ವಿಡಿಯೋ ಕತ್ತರಿಸುವುದಕ್ಕೆ ಬೇರೆ ಗತಿಯಿರಲಿಲ್ಲ. "ಮುದುಕ ನಿಜವಾಗಿ ಹೋದನಾ ಅಂತ ಕಣ್ಣಾರೆ ನೋಡ್ಬೇಕು" ಎಂದು ಡೀನ್ ತನ್ನ ಯೂಟ್‌ನಲ್ಲಿ, ಅಂದರೆ ಹಿಂದೆ ಸಾಮಾನು ಹೇರುವ ಗಾಡಿಯಲ್ಲಿ, ನಮ್ಮಿಬ್ಬರನ್ನೂ ವಿಮಾನ ನಿಲ್ದಾಣಕ್ಕೆ ಕರೆದೊಯ್ದ.

ಬಾಗಿಲ ಹತ್ತಿರ ಮಿಸ್ಟರ್ ನನ್ನ ಕಾಲರ್ ಹಿಡಿದು ಪೋರ್ಚುಗೀಸಿನಲ್ಲಿ ಏನೋ ಉದ್ದಕ್ಕೆ ಹೇಳಿದರು. ನನಗೆ ಒಂದು ಪದವೂ ತಿಳಿಯಲಿಲ್ಲ. ನಾನೂ ಕನ್ನಡದಲ್ಲೇ ಹೇಳಿದೆ: "ಹೋಗಯ್ಯಾ ಮುದುಕಾ. ಮೂರು ಊರು ಅಲೆಸ್ದೆ, ಒಂದು ಕಪ್ಪೂ ಗೆಲ್ಲಲಿಲ್ಲ. ನಿನ್ ಅನ್ನಕ್ಕೆ ಕಲ್ಲು ಹಾಕಿದ್ದು ನಾನೇ. ಹುಷಾರಾಗಿ ಹೋಗು." ಅವರು ತಲೆಯಾಡಿಸಿ ಒಳಗೆ ಹೋದರು.

"ಏನಂದ?" ಎಂದು ಕೇಳಿದ ಡೀನ್.

"ಗೊತ್ತಿಲ್ಲ."

"ನೀನೇನಂದೆ?"

ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ, ಏನೂ ಬಿಡದೆ. ಡೀನ್ ನನ್ನ ಬೆನ್ನಿಗೆ ಗುದ್ದಿ, "ಈಗ ನೀನು ನಮ್ಮವನಾದೆ, ಮೇಟ್" ಎಂದು ಗಾಡಿ ಸ್ಟಾರ್ಟ್ ಮಾಡಿದ.

ಗಾಜಿನಾಚೆ ಕೌಂಟರಿನ ಹುಡುಗಿ ಮಿಸ್ಟರ್ ಪೆಟ್ಟಿಗೆ ತೋರಿಸಿ ಏನೋ ಕೇಳುತ್ತಿದ್ದಳು. ಅವರು ಎರಡೂ ಕೈ ಎತ್ತಿ, ಅಭ್ಯಾಸಬಲದಿಂದ, ನಾನು ನಿಲ್ಲುತ್ತಿದ್ದ ಎಡಗಡೆಗೆ ತಿರುಗಿದರು. ನನ್ನ ಒಂದು ಕಾಲು ಗಾಡಿಯೊಳಗಿತ್ತು, ಇನ್ನೊಂದು ನೆಲದ ಮೇಲೆ.